ಟೈಲರ್ ಹಾಕಿದ ಪಂಚರ್

"ಬಟ್ಟೆಗೆ ತೇಪೆ ಹಾಕೋನಿಗೆ ರಬ್ಬರಿಗೆ ತೇಪೆ ಹಾಕೋದು ಯಾವ ಮಹಾ ವಿದ್ಯೆ ಕಣೇ! ಈ ಕೈ ಎಂಥೆಂಥಾ ತೂತು ಮುಚ್ಚಿದೆ ಗೊತ್ತಾ?"

ಹೀಗೆಂದು ಘೋಷಿಸಿ ಟೈಲರ್ ಸಾಹೇಬರು ತೋಳು ಮಡಚಿದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆ ಯಂತ್ರದ ಪಕ್ಕದಲ್ಲಿ, ಬಟ್ಟೆಯ ಚೂರುಗಳ ನಡುವೆ, ಹಳೆಯ ಸ್ಕೂಟರು ಹಿಂದಿನ ಚಕ್ರದ ಗಾಳಿಯನ್ನೆಲ್ಲ ಬಿಟ್ಟು ಸುಸ್ತಾಗಿ ನಿಂತಿತ್ತು. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ಹೆಂಡತಿ ನಿಂತಿದ್ದಳು.

ಅವತ್ತು ಮಧ್ಯಾಹ್ನ ಅವಳಿಗೆ ಲೈಸೆನ್ಸ್ ಪರೀಕ್ಷೆ. ಹೋದ ಸಲ ನಪಾಸಾಗಿದ್ದಳು. ಗಾಡಿ ಹತ್ತಿದೊಡನೆ ಬೆನ್ನು ಬಗ್ಗಿಸಿ ಮುಂದಿನ ಚಕ್ರವನ್ನೇ ನೋಡುತ್ತ ಹೋಗುವುದು ಅವಳ ಅಭ್ಯಾಸ. "ತಾಯಿ, ಚಕ್ರ ಎಲ್ಲೂ ಓಡಿಹೋಗಲ್ಲ, ಸ್ವಲ್ಪ ರಸ್ತೆ ನೋಡಿ" ಎಂದು ಪರೀಕ್ಷಕರು ಕೈಮುಗಿದು ಮನೆಗೆ ಕಳಿಸಿದ್ದರು. ಈ ಸಲವೂ ಕೈತಪ್ಪಿದರೆ ಎಲ್ಲ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಷ್ಟು ತಾಳ್ಮೆ ತನಗಿಲ್ಲ, ಇವತ್ತಾಗದಿದ್ದರೆ ಇನ್ನು ಸ್ಕೂಟರ್ ಮುಟ್ಟುವುದಿಲ್ಲ ಎಂದು ಅವಳು ಹೇಳಿಬಿಟ್ಟಿದ್ದಳು. ಹೇಳಿದ ಮೇಲೂ ಅವಳು ಸ್ಕೂಟರನ್ನು ದಿನವೂ ಒರೆಸಿಡುವುದನ್ನು ಸಾಹೇಬರು ನೋಡಿದ್ದರು. ಅದಕ್ಕೇ ಪರೀಕ್ಷೆಗೆಂದು ನೀಲಿ ಕೋಟೊಂದನ್ನು ಹೊಲಿಯಲು ಕೂತಿದ್ದರು. ಕಾಲರಿಗೆ ಗುಂಡುಪಿನ್ನು ಚುಚ್ಚಿ ಹದ ನೋಡುವ ಹೊತ್ತಿಗೇ ಚಕ್ರ ಚಪ್ಪಟೆಯಾಗಿದ್ದು ಕಣ್ಣಿಗೆ ಬಿದ್ದಿತ್ತು.

"ಮೂಲೆಯಲ್ಲೇ ಪಂಚರ್ ಅಂಗಡಿ ಇದೆಯಲ್ಲ ರೀ, ತಳ್ಕೊಂಡು ಹೋಗೋಣ."

"ನಾನು ಬದುಕಿರುವಾಗ ನಿನ್ನ ಸ್ಕೂಟರಿಗೆ ಪರರ ಕೈಯೇ? ಖಂಡಿತ ಇಲ್ಲ!"

"ಹಾಗಾದ್ರೆ ಸರಿಯಾಗಿ ಮಾಡಿ. ಮೊದಲು ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಡಿ. ಗಾಳಿ ಪೂರ್ತಿ ಬಿಟ್ಟ ಮೇಲೇ ರಿಮ್ಮಿನ ನಟ್ಟು ಬಿಚ್ಚಬೇಕು. ಡ್ರೈವಿಂಗ್ ಶಾಲೆಯಲ್ಲಿ ಹೇಳ್ಕೊಟ್ಟಿದ್ದಾರೆ."

"ಕಲಿಯೋಳು ನೀನು, ಮಾಡೋನು ನಾನು!" ಎಂದರು ಸಾಹೇಬರು. ಆದರೂ ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಇಲ್ಲಿಯವರೆಗೆ ಅವರ ಮೇಲೆ ಯಾವ ಆಪಾದನೆಯೂ ಇಲ್ಲ.

ಅವಳು ಸ್ನಾನಕ್ಕೆ ಹೋದಳು. ಸಾಹೇಬರು ಟ್ಯೂಬಿಗೆ ಗಾಳಿ ತುಂಬಿ, ಅಗಲವಾದ ಬೋಗುಣಿಯ ನೀರಿನಲ್ಲಿ ಮುಳುಗಿಸಿದರು.

ಕಿಟಕಿಯಿಂದ ಬಿಸಿಲಿನ ಪಟ್ಟಿಯೊಂದು ಬಂದು ನೀರಿನ ಮೇಲೆ ಮಲಗಿತ್ತು. ಟ್ಯೂಬಿನ ಮೈಯಿಂದ ಗುಳ್ಳೆಯೊಂದು ಎದ್ದಿತು. ಅದರ ಹಿಂದೆ ಇನ್ನೊಂದು, ಮಣಿ ಪೋಣಿಸಿದಂತೆ. ನೋಡುತ್ತ ನೋಡುತ್ತ ಸಾಹೇಬರು ಎತ್ತಲೋ ತೇಲಿಹೋದರು. ಪರೀಕ್ಷೆಯ ಮೈದಾನ. ನೀಲಿ ಕೋಟು ತೊಟ್ಟ ಹೆಂಡತಿ ಸ್ಕೂಟರಿನ ಮೇಲೆ ಎಂಟರ ಆಕಾರದಲ್ಲಿ ಮೆಲ್ಲಗೆ ಸುತ್ತುತ್ತಿದ್ದಾಳೆ. ಚಕ್ರ ನೆಲ ಮುಟ್ಟುತ್ತಲೇ ಇಲ್ಲ. ಪರೀಕ್ಷಕರು ಬಾಯಿ ಬಿಟ್ಟುಕೊಂಡು, "ಈ ಕೋಟು ಹೊಲಿದವರ್ಯಾರು? ಈ ಪಂಚರ್ ಹಾಕಿದವರ್ಯಾರು?" ಎಂದು ಕೇಳುತ್ತಿದ್ದಾರೆ. ಅವಳು ನಾಚಿಕೊಂಡು, "ನಮ್ಮನೆಯವರು" ಅನ್ನುತ್ತಿದ್ದಾಳೆ. ಆಹಾ!

ಮನಸ್ಸು ಮೈದಾನದಲ್ಲಿದ್ದರೂ ಕೈ ಸುಮ್ಮನಿರುವ ಜಾತಿಯದಲ್ಲ. ತೂತಿನ ಜಾಗಕ್ಕೆ ಗುರುತು ಮಾಡಬೇಕಲ್ಲ! ಒದ್ದೆ ರಬ್ಬರಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮೂಡಲಿಲ್ಲ. ಕೈ ತಾನಾಗಿಯೇ ಬಾಯಿಗೆ ಹೋಯಿತು. ಸದಾ ಅವರ ತುಟಿಯ ನಡುವೆ ಇರುವ ಗುಂಡುಪಿನ್ನುಗಳಲ್ಲಿ ಒಂದನ್ನು ತೆಗೆಯಿತು. ಪದ್ಧತಿಯ ಪ್ರಕಾರ ಅಂಚಿಗೆ ಮಾರ್ಜಿನ್ ಬಿಟ್ಟು, ತೂತಿನಿಂದ ಎರಡು ಬೆರಳು ಆಚೆಗೆ, ಈ ಕಡೆಯಿಂದ ಆ ಕಡೆಗೆ ಅಚ್ಚುಕಟ್ಟಾಗಿ ಚುಚ್ಚಿತು.

ಆಮೇಲೆ ಟ್ಯೂಬು ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಅಂಟು ಸವರಿ, ಆರಲು ಬಿಟ್ಟು, ತೇಪೆ ಒತ್ತಿದರು. ಪಿನ್ನು ತೆಗೆದು ಮತ್ತೆ ಬಾಯಲ್ಲಿಟ್ಟುಕೊಂಡರು. ತೇಪೆಯಂತೂ ಬಹಳ ಲಕ್ಷಣವಾಗಿತ್ತು!

ಖಾತ್ರಿ ಮಾಡಿಕೊಳ್ಳಲು ಟ್ಯೂಬನ್ನು ಮತ್ತೆ ನೀರಿಗಿಳಿಸಿದರು. ಗುಳುಗುಳು! ತೇಪೆಯ ಪಕ್ಕದಲ್ಲೇ ಎರಡು ಸಾಲು ಗುಳ್ಳೆ.

"ಓಹೋ, ಜೊತೆಗಾರರೂ ಇದ್ದಾರೋ!" ಎಂದು ಮನಸ್ಸಿನಲ್ಲೇ ಅಂದುಕೊಂಡು ಸಾಹೇಬರು ಆ ಎರಡಕ್ಕೂ ಗುರುತಿನ ಪಿನ್ನು ಚುಚ್ಚಿದರು. ಅವಕ್ಕೆ ತೇಪೆ ಬೀಳುವ ಹೊತ್ತಿಗೆ ಗುಳ್ಳೆಯ ಸಾಲು ನಾಲ್ಕಾಗಿತ್ತು. ಈ ಟ್ಯೂಬಿಗೆ ಏನೋ ರೋಗ ತಗುಲಿದೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಎದ್ದು ಬರುತ್ತಿದೆ ಎಂದು ಅವರಿಗೆ ಅನ್ನಿಸಿತು. ಹಾಗೆಂದು ಬೇಸರವೇನೂ ಆಗಲಿಲ್ಲ. ಗುಳ್ಳೆ ಹೆಚ್ಚಿದಷ್ಟೂ ಕನಸು ಸೊಗಸಾಗುತ್ತಿತ್ತು. ಮೈದಾನದಲ್ಲಿ ಈಗ ಜನ ಸೇರಿ ಚಪ್ಪಾಳೆ ತಟ್ಟುತ್ತಿದ್ದರು.

"ಆಯ್ತೇನ್ರೀ?" ಹೆಂಡತಿ ನೀಲಿ ಕೋಟು ತೊಟ್ಟು ಬಂದಿದ್ದಳು. ಬೋಗುಣಿಯೊಳಗೆ ಇಣುಕಿದವಳು ಹಾಗೇ ನಿಂತುಬಿಟ್ಟಳು. "ಇದೇನ್ರೀ ಟ್ಯೂಬಿನ ತುಂಬಾ ತೇಪೆ?"

ಬಾಯಲ್ಲಿ ಪಿನ್ನಿದ್ದದ್ದರಿಂದ ಸಾಹೇಬರು ಬರಿಯ "ಹ್ಞೂಂ" ಅಂದರು. ಅಂದು, ಅವಳ ಕಣ್ಣೆದುರಿಗೇ ಹೊಸ ಗುಳ್ಳೆಯ ಪಕ್ಕಕ್ಕೆ ಇನ್ನೊಂದು ಪಿನ್ನು ಚುಚ್ಚಿದರು.

ಅವಳು ಪಿನ್ನನ್ನು ನೋಡಿದಳು. ಗಂಡನ ಬಾಯಿಯನ್ನು ನೋಡಿದಳು. ಮತ್ತೆ ಪಿನ್ನನ್ನು ನೋಡಿದಳು.

"ರೀ... ಇಷ್ಟೊತ್ತೂ ಇದನ್ನೇ ಮಾಡ್ತಿದ್ರಾ?"

ಮೈದಾನ, ಜನ, ಚಪ್ಪಾಳೆ ಎಲ್ಲ ಒಮ್ಮೆಗೇ ಮಾಯ! ಸಾಹೇಬರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ದಿಟ್ಟಿಸಿದರು.

"ಗುರುತಿಗೆ ಅಂತ..." ಎಂದು ಉಗುಳು ನುಂಗಿದರು. ಪುಣ್ಯಕ್ಕೆ ಬರಿಯ ಉಗುಳನ್ನು.

ಅವಳು ರೇಗಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ರೇಗಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, "ಹೋಗ್ಲಿ ಬಿಡಿ. ನನಗೆ ಆ ಯೋಗ ಇಲ್ಲ" ಅಂದಳು. ಸಾಹೇಬರು ಚಪ್ಪಲಿಯನ್ನೂ ಮೆಟ್ಟದೆ ಎದ್ದರು. ಪಂಚರ್ ಅಂಗಡಿಗೆ ಓಡಿಹೋಗಿ ನೋಡಿ ಬಂದರು. ಅಂಗಡಿಯವನು ಊಟಕ್ಕೆಂದು ಬಾಗಿಲು ಎಳೆದುಕೊಂಡು ಹೋಗಿದ್ದ.

ಇಷ್ಟರಲ್ಲಿ ಸಾಹೇಬರ ತಾಯಿ ಒಳಗಿನಿಂದ ಸೊಂಟ ಹಿಡಿದುಕೊಂಡು ಬಂದರು. ಗೋಡೆಗೆ ಒರಗಿ ಕೂರುವ ಮನಸ್ಸಿತ್ತು ಅವರಿಗೆ.

"ಲೋ, ಆ ಸ್ಕೂಟರಿನ ಹಿಂದೆ ಕಟ್ಟಿದ್ದೀಯಲ್ಲ, ಜಾಲರಿ ಹಚ್ಚಿರೋ ದಿಂಬು, ಅದನ್ನಾದ್ರೂ ಬಿಚ್ಚಿಕೊಡೋ. ಬೆನ್ನಿಗೆ ಇಟ್ಕೋತೀನಿ."

"ಅದು ದಿಂಬಲ್ಲಮ್ಮ, ಅದು..." ಎಂದು ಶುರು ಮಾಡಿದ ಸಾಹೇಬರ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಅದು ಸ್ಟೆಪ್ನಿ! ಹೆಚ್ಚುವರಿ ಚಕ್ರ! ಗಾಡಿ ಕೊಂಡ ಹೊಸದರಲ್ಲಿ ಅದಕ್ಕೆ ಕೆಂಪು ಮಖಮಲ್ಲಿನ ಗವಸು ಹೊಲಿದು, ಹತ್ತಿ ತುಂಬಿ, ಸುತ್ತಲೂ ಜಾಲರಿ ಕೊಟ್ಟು, ನಡುವೆ ಗುಲಾಬಿ ಹೂವಿನ ಕಸೂತಿ ಹಾಕಿದವರು ಅವರೇ. ಅದರ ಅಂದ ಅಷ್ಟು ಹೆಚ್ಚಾಗಿ, ಒಳಗೊಂದು ಚಕ್ರವಿದೆ ಎಂಬುದೇ ಮನೆಮಂದಿಗೆಲ್ಲ ಮರೆತುಹೋಗಿತ್ತು.

ಹೆಂಡತಿ ಆಗಲೇ ಎದ್ದಿದ್ದಳು. ಗವಸು ಕಿತ್ತು ಅತ್ತೆಯ ಕೈಗೆ ಕೊಟ್ಟಳು. ಚಕ್ರ ಜೋಡಿಸಿ, ನಟ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ ಬಿಗಿದು, ಗಾಳಿ ಹೊಡೆದು, ಒಮ್ಮೆ ಅಲುಗಾಡಿಸಿ ನೋಡಿದಳು. ಸಾಹೇಬರು ನೆರವಿಗೆಂದು ಕೈ ಚಾಚಿದರು.

"ನೀವು ಅಲ್ಲೇ ಇರಿ. ಏನನ್ನೂ ಮುಟ್ಟಬೇಡಿ."

ಪಕ್ಕದ ಮನೆಯ ಡ್ರೈವಿಂಗ್ ಮಾಸ್ತರು ಜೊತೆಗೆ ಬಂದರು. ಸ್ಕೂಟರು ಹೊರಟಿತು.

ಸಂಜೆಯ ತನಕ ಸಾಹೇಬರು ಹೊಸ್ತಿಲ ಮೇಲೆ ಕೂತಿದ್ದರು. ಕನಸು ಕಾಣಲು ನೋಡಿದರು, ಬರಲಿಲ್ಲ. ಕಡೆಗೆ ಬೀದಿಯ ತುದಿಯಲ್ಲಿ ಪರಿಚಿತ ಸದ್ದು. ಹೆಂಡತಿ ಬರುತ್ತಿದ್ದಳು. ಬೆನ್ನು ನೆಟ್ಟಗೆ, ಕತ್ತು ಎತ್ತರ, ಕಣ್ಣು ರಸ್ತೆಯ ಮೇಲೆ! ಸಾಹೇಬರ ಕಣ್ಣು ಮಂಜಾಯಿತು.

"ಪಾಸ್!" ಎಂದಳು. "ಒಂದು ಸಲವೂ ತಲೆ ಬಗ್ಗಿಸಲಿಲ್ಲ, ಇಷ್ಟು ನೆಟ್ಟಗೆ ಕೂರೋದು ಎಲ್ಲಿ ಕಲಿತ್ರಿ ಅಂತ ಪರೀಕ್ಷಕರೇ ಕೇಳಿದ್ರು."

"ನನ್ನ ಕೋಟು!" ಸಾಹೇಬರ ಎದೆ ಉಬ್ಬಿತು. "ಅದರ ಕಟ್ಟಿಂಗೇ ಹಾಗೆ! ನೀನೇನಂದೆ?"

"ನಮ್ಮನೆಯವರ ಕೈವಾಡ ಅಂದೆ." ಅವಳು ಕಾಲರಿನ ಹಿಂದೆ ಕೈ ಹಾಕಿ, ಉದ್ದನೆಯ ಗುಂಡುಪಿನ್ನೊಂದನ್ನು ಎಳೆದು ಗಂಡನ ಅಂಗೈಯಲ್ಲಿಟ್ಟಳು. "ಒಂಚೂರು ಕತ್ತು ಬಗ್ಗಿಸಿದ್ರೂ ಚುಚ್ಚೋದು."

ಉಬ್ಬಿದ ಎದೆಯ ಗಾಳಿಯೆಲ್ಲ ಇಳಿಯಿತು. ಅವಳು ಕಿಸಕ್ಕನೆ ನಕ್ಕಳು.

"ಬನ್ನಿ, ಒಂದು ಸುತ್ತು ಹೋಗಿ ಬರೋಣ. ಹಿಂದೆ ಕೂತ್ಕೊಳ್ಳಿ."

ಸಾಹೇಬರು ಸಂಭ್ರಮದಿಂದ ಕಾಲೆತ್ತಿದರು.

"ತಡೀರಿ, ತಡೀರಿ," ಎಂದಳು ಹೆಂಡತಿ. "ಮೊದಲು ಬಾಯಿ ತೆಗೆದು ತೋರಿಸಿ."