ಒಂದೇ ಒಂದು ಎಲೆಕ್ಟ್ರಾನು

ಎಲ್ಲ ಅನರ್ಥಕ್ಕೂ ಮೂಲ ಅಟೆಂಡರ್ ತುಳಸಿದಾಸನ ಪಾಲಿಯೆಸ್ಟರ್ ಪ್ಯಾಂಟು.

ಕಾರವಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಿತೇಶ ಮೂರು ವರ್ಷ ಒದ್ದಾಡಿ ಒಂದು ಸಲಕರಣೆ ಮಾಡಿದ್ದ. ಅದರೊಳಗೆ ಒಂದೇ ಒಂದು ಎಲೆಕ್ಟ್ರಾನು ಬಂದು ಕೂತರೂ ಪರದೆಯ ಮೇಲಿನ ಗೆರೆ ಒಂದು ಮೆಟ್ಟಿಲು ಏರಬೇಕು. ಇಂಥವನ್ನು ಭಯಂಕರ ಚಳಿಯಲ್ಲಿಟ್ಟು ದುಡಿಸುವುದು ವಾಡಿಕೆ. ನಿತೇಶನದು ಕೋಣೆಯ ಸಾಧಾರಣ ಉಷ್ಣತೆಯಲ್ಲೇ ಮೆಟ್ಟಿಲು ಏರಿತ್ತು. ಅದನ್ನು ಪರೀಕ್ಷಿಸಲು ಆ ದಿನ ಹನ್ನೆರಡಕ್ಕೆ ಧಾರವಾಡದ ವಿಶ್ವವಿದ್ಯಾಲಯದಿಂದ ಡಾ. ಪರಮೇಶ್ವರಿ ಬರುವವರಿದ್ದರು. ಪ್ರಿನ್ಸಿಪಾಲ್ ಗಜಾನನರು ಶಾಲು ತರಿಸಿಟ್ಟು, ಪತ್ರಿಕೆಯವರಿಗೂ ಹೇಳಿದ್ದರು.

ಬೆಳಿಗ್ಗೆ ನಿತೇಶ ಕೊನೆಯ ಸಲ ನೋಡುತ್ತ ಕುಳಿತಿದ್ದಾಗ ಗೆರೆ ತಾನಾಗಿಯೇ ಜಿಗಿಯಿತು. ಅದೇ ಹೊತ್ತಿಗೆ ಪ್ಲೈವುಡ್ ಗೋಡೆಯ ಆಚೆ ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದಿತು.

"ತುಳಸಿದಾಸ, ಕೂತ್ಕೊ."

ಗೆರೆ ಇಳಿಯಿತು.

"ಏಳು."

ಏರಿತು.

"ಎಂತಾ ಸರ್, ಬೆಳಿಗ್ಗೆ ಬೆಳಿಗ್ಗೆ ಬಸ್ಕಿ ಹೊಡಸ್ತ್ರಿ?" ಎಂದ ತುಳಸಿದಾಸ.

ಪ್ಯಾಂಟು ಕುರ್ಚಿಗೆ ಉಜ್ಜಿ ಹುಟ್ಟಿದ ವಿದ್ಯುತ್ತು! ಮೂರು ವರ್ಷದ ಸಂಶೋಧನೆಯೆಲ್ಲ ಅಟೆಂಡರನ ಹಿಂಭಾಗದ ಮಹಿಮೆಯೇ? ಬರಬೇಡಿ ಎನ್ನೋಣವೆಂದರೆ ಮೇಡಂ ಆಗಲೇ ಬಸ್ಸಿನಲ್ಲಿದ್ದರು. ಹೆದರಿಕೆಯಲ್ಲಿ ನಿತೇಶನಿಗೆ ದುರ್ಬುದ್ಧಿ ಹುಟ್ಟಿತು.

"ಹನ್ನೆರಡಕ್ಕೆ ಇಲ್ಲೇ ಇರು, ಮಾರಾಯಾ. ನಾನು ಕೆಮ್ಮಿದ್ರೆ ಏಳು. ಮತ್ತೊಮ್ಮೆ ಕೆಮ್ಮಿದ್ರೆ ಕೂರು. ಯಾರಿಗೂ ಹೇಳ್ಬೇಡ."

"ಅಷ್ಟೇ ಅಲ್ರಾ? ಮಾಡ್ತೆ ಬಿಡಿ."

ನಿತೇಶ ಅತಿಥಿಯನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ.

ಹನ್ನೆರಡಕ್ಕೆ ಎಲ್ಲರೂ ಸುತ್ತ ನಿಂತರು. ನಿತೇಶ ಎಲೆಕ್ಟ್ರಾನನ್ನು ಒಳಬಿಡುವ ತಿರುಪನ್ನು ಒಂದಿಷ್ಟು ತಿರುಗಿಸಿ ಕೆಮ್ಮಿದ. ಗೆರೆ ಏರಿತು. ಹಿಂದಕ್ಕೆ ತಿರುಗಿಸಿ ಕೆಮ್ಮಿದ. ಇಳಿಯಿತು. ಹೀಗೆ ಹತ್ತು ಸಲ.

"ಪಾಪ, ಗಂಟಲು ಕೆಟ್ಟಿದೆ. ಬಿಸಿನೀರು ತರಿಸ್ಲಾ?" ಎಂದರು ಗಜಾನನರು.

ಪರಮೇಶ್ವರಿಯವರಿಗೆ ಅದು ಕೇಳಿಸಲೇ ಇಲ್ಲ. "ಹತ್ತೂ ಸಲ ಒಂದೇ ಎತ್ತರ!" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿತೇಶ ಅವರೇ, ಇದನ್ನ ನೋಡ್ಬೇಕು ಅಂತ ಇಪ್ಪತ್ತು ವರ್ಷ ಕಾದಿದ್ದೆ."

ಗಜಾನನರು ಶಾಲು ಹೊದೆಸಿದರು. ನಿತೇಶನಿಗೆ ಮೈಮೇಲೆ ಕೆಂಡ ಸುರಿದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಒದ್ದೆ ಕಣ್ಣುಗಳನ್ನು ತಡೆದುಕೊಳ್ಳಲಾಗಲಿಲ್ಲ.

"ಮೇಡಂ, ಅದು ಎಲೆಕ್ಟ್ರಾನಲ್ಲ. ತುಳಸಿದಾಸ."

ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಪ್ಯಾಂಟು, ಕುರ್ಚಿ, ಕೆಮ್ಮು. ಯಾರೋ ಕಿಸಕ್ಕೆಂದರು. ಗಜಾನನರು ಶಾಲನ್ನು ಮೆಲ್ಲಗೆ ಎಳೆದುಕೊಂಡು ಮಡಿಚಿಟ್ಟರು. ಪರಮೇಶ್ವರಿ ವರದಿಯಲ್ಲಿ ಅವನ ತಪ್ಪೊಪ್ಪಿಗೆಯನ್ನು ಎರಡು ಸಾಲಲ್ಲಿ ಬರೆದು ಅವನ ಮುಂದೆ ತಳ್ಳಿದರು. "ಸಹಿ ಹಾಕಿ." ಹಾಕಿದ.

"ಏ ತುಳಸಿದಾಸಾ, ಬಾರೋ ಹೊರಗೆ!" ಗಜಾನನರು ಪ್ಲೈವುಡ್ಡಿಗೆ ಗುದ್ದಿದರು. ಉತ್ತರವಿಲ್ಲ. "ಓಡಿ ಹೋಗಿದ್ದಾನೆ, ಕಳ್ಳ!"

ಅಷ್ಟರಲ್ಲಿ ಎದುರಿನ ಬಾಗಿಲಿಂದ ತುಳಸಿದಾಸ ಬೆವರು ಸುರಿಸುತ್ತ, ಬುಟ್ಟಿ ತುಂಬ ಇಶಾಡ ಮಾವಿನಹಣ್ಣು ಹೊತ್ತು ಒಳಗೆ ಬಂದ.

"ತಪ್ಪಾಯ್ತು ನಿತೇಶ ಸರ್! ನೀವು ಅತ್ಲಾಗೆ ಹೋದ ಕೂಡ್ಲೆ ಹೆಡ್ ಕ್ಲಾರ್ಕ್ ಸುಮಿತಾ ಮೇಡಂ, ಧಾರವಾಡದೋರಿಗೆ ಕೊಡೂಕೆ ಹಣ್ಣು ತಾ ಅಂದಿ ಅಂಕೋಲೆಗೆ ಕಳ್ಸ್ಬಿಟ್ರು. ಈಗಷ್ಟೆ ಬಸ್ ಇಳ್ದೆ. ಎದ್ದು ಕೂತು ಈಗ ಮಾಡ್ಲಾ?"

ನಿತೇಶ ಓಡಿಹೋಗಿ ಪ್ಲೈವುಡ್ಡಿನಾಚೆ ಇಣುಕಿದ. ಖಾಲಿ ಕುರ್ಚಿ. ಹಾಗಾದರೆ ಆ ಹತ್ತು ಮೆಟ್ಟಿಲು ಏರಿದ್ದು ಯಾರು?

"ಮೇಡಂ, ಅದು ನಿಜವಾದ ಎಲೆಕ್ಟ್ರಾನೇ! ಇವನು ಇಲ್ಲಿ ಇರ್ಲೇ ಇಲ್ಲ!"

ಪರಮೇಶ್ವರಿ ವರದಿಯನ್ನು ಚೀಲಕ್ಕೆ ಹಾಕಿ ಎದ್ದು ನಿಂತರು. ತುಳಸಿದಾಸನನ್ನೊಮ್ಮೆ, ನಿತೇಶನನ್ನೊಮ್ಮೆ ನೋಡಿದರು.

"ಈ ಮಾತನ್ನೂ ಅವನಿಗೆ ನೀವೇ ಹೇಳಿಕೊಟ್ಟದ್ದಾ?"