ಹನ್ನೆರಡು ಬಾಯಿಗಳ ಬೀಗ

ನನ್ನ ತಮ್ಮನಿಗೆ ತಲೆ ಸರಿಯಿಲ್ಲ ಎನ್ನುವವರಿಗೆ ಅವನ ಪರಿಚಯ ಸಾಲದು. ಅವನ ತಲೆ ಸರಿಯಾಗಿಯೇ ಇದೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಸರಿಯಾಗಿದೆ, ತೊಂದರೆಯೆಲ್ಲ ಅದರಿಂದಲೇ! ನ್ಯಾಯ ಎಂಬ ಹುಳು ಅವನು ತೊಟ್ಟಿಲಲ್ಲಿದ್ದಾಗಲೇ ಕಿವಿಯೊಳಗೆ ಹೊಕ್ಕಿರಬೇಕು. ಅರುವತ್ತು ದಾಟಿದರೂ ಅದಿನ್ನೂ ಈಚೆಗೆ ಬಂದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಪಾಳ್ಯದ ಕಡೆ ಗದ್ದೆ, ರಾಗಿ ಹೊಲ, ಅಂಚಿನಲ್ಲಿ ಒಂದಿಷ್ಟು ಕಾಫಿ ಗಿಡ ನೋಡಿಕೊಂಡು ಬದುಕಿದವಳು. ಬರೆಯುವ ಗೀಳು ಯಾವತ್ತೂ ಇರಲಿಲ್ಲ. ಆದರೆ ಈಗ ನಾನು ಅಜ್ಜಿಯಾಗಿದ್ದೇನೆ! ಮೊದಲನೇ ಮೊಮ್ಮಗಳು! ಅವಳ ಹೆಬ್ಬೆರಳು ಥೇಟ್ ನನ್ನದೇ. ಈ ಸಂತೋಷ ಬಾಯಲ್ಲಿ ಹೇಳಿ ಮುಗಿಯುವಂಥದ್ದೇ? ಊರವರೆಲ್ಲ ಕೇಳಿ ಕೇಳಿ ಸುಸ್ತಾಗಿ, ನನ್ನನ್ನು ಕಂಡರೆ ಈಗ ಗದ್ದೆ ಬದುವಿನ ಮೇಲೆ ಬೇರೆ ದಾರಿ ಹಿಡಿಯುತ್ತಾರೆ. ಆದ್ದರಿಂದ ಕಾಗದ ಹಿಡಿದಿದ್ದೇನೆ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ಸಂತೋಷಕ್ಕೆ ಇದ್ದದ್ದು ಒಂದೇ ಕೊರತೆ, ಆನೇಮಹಲಿನಲ್ಲಿರುವ ನಮ್ಮ ದೊಡ್ಡಕ್ಕ. ನನ್ನ ಮಗನ ಮದುವೆಯ ಮೊದಲ ಕರೆಯೋಲೆ ಎಲೆ, ಅಡಿಕೆ, ಕುಂಕುಮದ ಜೊತೆ ಅವಳ ಮನೆಗೇ ಹೋಗಬೇಕಿತ್ತು. ಹಿರಿಯಳಲ್ಲವೇ? ಒಯ್ಯಬೇಕಾದವನು ತಮ್ಮ. ಅವನ ಜೀಪು ವನಗೂರಿನ ಏರಿನಲ್ಲಿ ಕೆಟ್ಟು ನಿಂತಿತು. ಅವನು ನಿಂತಲ್ಲೇ ಓಲೆಯ ಫೋಟೋ ತೆಗೆದು ಫೋನಿನಲ್ಲಿ ಕಳಿಸಿಬಿಟ್ಟ. ದೊಡ್ಡಕ್ಕ ಮದುವೆಗೆ ಬರಲಿಲ್ಲ. ಊಟದ್ದೂ ಫೋಟೋ ಕಳಿಸಿ, ಇಲ್ಲೇ ಉಂಡುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದಳು! ಅವತ್ತಿನಿಂದ ನಮ್ಮ ಹೊಸಿಲು ತುಳಿದಿರಲಿಲ್ಲ. ಕೂಸಿನ ನಾಮಕರಣಕ್ಕಾದರೂ ಅವಳು ಬಂದು ತೊಟ್ಟಿಲ ಪಕ್ಕ ನಿಲ್ಲಲೇಬೇಕೆಂದು ನಾನು ಹಟ ಹಿಡಿದೆ. ಬಸ್ಸು ಹತ್ತಿ ಅವಳ ಮನೆಗೇ ಹೋದೆ. ಕಾಫಿ ಕೊಟ್ಟಳು, ಕಡುಬು ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ.

ಅದಿರಲಿ, ತಮ್ಮನ ನ್ಯಾಯದ ವಿಷಯಕ್ಕೆ ಬರುತ್ತೇನೆ. ವನಗೂರಿನಲ್ಲಿ ಅವನಿಗೊಂದು ಚಿಕ್ಕ ತೋಟ, ಅದಕ್ಕಿಂತ ಹಳೆಯದೊಂದು ಜೀಪು. ತೋಟದ ಬೇಲಿಯಲ್ಲಿ ಅವನು ನೆಟ್ಟ ಮೆಣಸಿನ ಬಳ್ಳಿ ಪಕ್ಕದವರ ಸಿಲ್ವರ್ ಮರಕ್ಕೆ ಹಬ್ಬಿತು. ಬೇರೆಯವರಾದರೆ ಏನು ಮಾಡುತ್ತಿದ್ದರು? ಸದ್ದಿಲ್ಲದೆ ಏಣಿ ಇಡುತ್ತಿದ್ದರು. ಇವನು ಕೊಯ್ದ ಮೆಣಸಿನಲ್ಲಿ ಅರ್ಧ ಹೊತ್ತುಕೊಂಡು ಪಕ್ಕದವರ ಬಾಗಿಲಿಗೆ ಹೋದ.

"ಬಳ್ಳಿ ನಂದು, ಮರ ನಿಂದು. ನಿನ್ನ ಮರ ಹೊತ್ಕೊಂಡು ನಿಂತಿತ್ತಲ್ಲ, ಅದ್ರ ಕೂಲಿ ಇದು."

ಪಕ್ಕದವನಿಗೆ ಇದರ ಹಿಂದೆ ಏನೋ ಮಸಲತ್ತು ಇರಬೇಕೆಂದು ಅನುಮಾನವಾಗಿ, ಮರುದಿನವೇ ಬೇಲಿ ಅಳತೆ ಮಾಡಿಸಿದ! ಒಳ್ಳೆಯತನಕ್ಕೆ ನಮ್ಮ ಕಡೆ ಇಷ್ಟು ಬೆಲೆ.

ಇಂಥವನ ಕೈಗೆ ಕಾಣದ ನಾಣ್ಯವೊಂದು ಬಂದರೆ ಹೇಗಿರಬೇಡ? ಒಂದು ಮಳೆಗಾಲ ಹೋಂಸ್ಟೇಗೆ ಬಂದಿದ್ದ ಪರದೇಶದವನೊಬ್ಬನ ಕಾರು ಏರಿನಲ್ಲಿ ಜಾರಿ ಚರಂಡಿಗೆ ಇಳಿಯಿತು. ತಮ್ಮ ತನ್ನ ಜೀಪಿಗೆ ಹಗ್ಗ ಕಟ್ಟಿ ಎಳೆದು ನಿಲ್ಲಿಸಿದ. ಆತನ ಹತ್ತಿರ ನಮ್ಮ ನೋಟೂ ಇರಲಿಲ್ಲ, ನಮ್ಮ ಬ್ಯಾಂಕೂ ಇರಲಿಲ್ಲ. ಬಿಟ್‌ಕಾಯಿನ್ ಎಂಬುದರ ಒಂದು ಚೂರನ್ನು ತಮ್ಮನ ಫೋನಿಗೆ ಹಾಕಿಕೊಟ್ಟ. ಜೊತೆಗೆ ಹನ್ನೆರಡು ಇಂಗ್ಲಿಷ್ ಪದ ಬರೆಸಿದ. ಫೋನು ಹೋದರೂ ಆ ಪದಗಳನ್ನು ಸಾಲು ತಪ್ಪದೆ ಹೇಳಬಲ್ಲವನೇ ಈ ದುಡ್ಡಿನ ಒಡೆಯ. ಮರೆತರೆ ಯಾರ ಕಾಲು ಹಿಡಿದರೂ ಸಿಗುವುದಿಲ್ಲ ಎಂದು ಹೇಳಿ ಹೋದ.

ನನ್ನ ಸೊಸೆ ಓದಿದವಳು, ಇದನ್ನೆಲ್ಲ ಬಿಡಿಸಿ ಹೇಳಿದಳು. ಈ ದುಡ್ಡಿಗೆ ಮ್ಯಾನೇಜರಿಲ್ಲ, ಸರ್ಕಾರದ ಮುದ್ರೆಯಿಲ್ಲ. ಲೋಕದ ಎಲ್ಲೆಲ್ಲೋ ಇರುವ ಸಾವಿರಾರು ಕಂಪ್ಯೂಟರುಗಳು ಸೇರಿ ಯಾರಿಂದ ಎಲ್ಲಿಗೆ ಎಷ್ಟು ಹೋಯಿತೆಂದು ನೆನಪಿಟ್ಟುಕೊಳ್ಳುತ್ತವಂತೆ. ಅಯ್ಯೋ, ಇದು ನಮ್ಮ ಮುಯ್ಯಾಳಲ್ಲವೇ ಎಂದೆ ನಾನು. ಇವತ್ತು ನಿನ್ನ ಗದ್ದೆಯಲ್ಲಿ ನಾನು ನಾಟಿ ಹಾಕಿದರೆ ನಾಳೆ ನನ್ನ ಗದ್ದೆಗೆ ನೀನು. ಬರೆದಿಡುವವರಿಲ್ಲ, ಆದರೂ ಊರಿಗೇ ನೆನಪು. ಸೊಂಟನೋವೆಂದು ತಪ್ಪಿಸಿಕೊಂಡವಳ ಹೆಸರು ಅವಳ ಮೊಮ್ಮಕ್ಕಳ ಕಾಲಕ್ಕೂ ಅಳಿಸುವುದಿಲ್ಲ!

ನನ್ನ ಜಾಣತನಕ್ಕೆ ಸೊಸೆ ಮೆಚ್ಚಿ ತಲೆಯಾಡಿಸಿದಳು. ತಮ್ಮ ಮಾತ್ರ ಒಪ್ಪಲಿಲ್ಲ.

"ಮುಯ್ಯಾಳಲ್ಲಿ ಮುಖ ಕಾಣ್ತೈತೆ ಕಣಕ್ಕ. ಇದ್ರಲ್ಲಿ ಲೆಕ್ಕ ಎಲ್ರಿಗೂ ಕಾಣ್ತೈತೆ, ಮುಖ ಯಾರ್ದೂ ಕಾಣಲ್ಲ. ನನ್ನ ಕೈಗೆ ಬರೋಕ್ ಮುಂಚೆ ಯಾರನ್ನ ಅಳಿಸಿ ಬಂದೈತೋ ಯಾರಿಗ್ಗೊತ್ತು."

ಅಲ್ಲಿಂದ ಶುರುವಾಯಿತು ನೋಡಿ. ಆ ಚೂರಿನ ಬೆಲೆ ಸುಮ್ಮನೆ ಕೂತಲ್ಲೇ ಏರುತ್ತ ಹೋಯಿತು. ಜೀಪಿಗೆ ಹೊಸ ಟೈರು ಹಾಕಿಸುವಷ್ಟಾಯಿತು. ಯಾರಾದರೂ ಹಿಗ್ಗುತ್ತಾರೆ. ಇವನಿಗೆ ಊಟ ಸೇರದೇ ಹೋಯಿತು. ಕಾರು ಎಳೆದ ಕೂಲಿ ತನ್ನದು, ಸರಿ. ಮೇಲೆ ಬೆಳೆದದ್ದು ಯಾರದು? ಬಳ್ಳಿ ತನ್ನದಾದರೆ ಮರ ಯಾರದು? ತಾನು ಬೆವರು ಹರಿಸದೆ ಗಳಿಸಿದ್ದನ್ನು ಎಲ್ಲೋ ಇನ್ನೊಬ್ಬ ಕಳೆದುಕೊಂಡಿರಬೇಕಲ್ಲವೇ? ಹೆಚ್ಚಿನದನ್ನು ವಾಪಸ್ ತೆಗೆದುಕೊಳ್ಳಿ ಎಂದು ಸೊಸೆಯ ಕೈಲಿ ಆ ಪರದೇಶದವನಿಗೆ ಬರೆಸಿದ. ಆತ ನಗುವ ಮುಖದ ಚಿತ್ರವೊಂದನ್ನು ಕಳಿಸಿ ಸುಮ್ಮನಾದ.

ಈ ನಾಣ್ಯ ಹುಟ್ಟಿಸಲು ಎಲ್ಲೋ ಯಂತ್ರಗಳು ಹಗಲೂ ರಾತ್ರಿ ಕರೆಂಟು ತಿನ್ನುತ್ತವೆಂದು ತಿಳಿದ ಮೇಲಂತೂ ಮುಗಿಯಿತು. ತಿಂದದ್ದನ್ನು ಸ್ವಲ್ಪವಾದರೂ ತೀರಿಸಬೇಕೆಂದು ಜಗಲಿಯ ದೀಪ ಹಾಕುವುದನ್ನೇ ಬಿಟ್ಟ. ಕತ್ತಲಲ್ಲಿ ಅವನ ಹೆಂಡತಿ ರುಬ್ಬುಗುಂಡಿಗೆ ಕಾಲು ಎಡವಿದಳು. ಊದಿದ ಬೆರಳನ್ನು ಎತ್ತಿ ಹಿಡಿದು, ಲೋಕಕ್ಕೆಲ್ಲ ನ್ಯಾಯ ಮಾಡುವವರು ಈ ಬೆರಳಿಗೂ ಒಂದು ನ್ಯಾಯ ಹೇಳಲಿ ಎಂದಳು. ದೀಪ ವಾಪಸ್ ಬಂತು.

ಹೀಗಿರುವಾಗ ನಮ್ಮ ಕೂಸು ಹುಟ್ಟಿತು. ತಮ್ಮ ನೋಡಲು ಬಂದವನು ತೊಟ್ಟಿಲ ಮುಂದೆ ಕೂತ. ಆಮೇಲೆ ಆ ಚೂರು ನಾಣ್ಯ ಇವಳಿಗೇ ಎಂದ. ಆದರೆ ಖರ್ಚು ಮಾಡುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಹದಿನೆಂಟು ತುಂಬಿದ ಮೇಲೆ, ತನ್ನನ್ನು ಕಾಡಿದ ಪ್ರಶ್ನೆಗಳನ್ನೆಲ್ಲ ಅವಳಿಗೂ ಹೇಳಬೇಕು. ಸರಿ ಕಂಡರೆ ಬಳಸಲಿ, ಸರಿ ಕಾಣದಿದ್ದರೆ ಬಿಟ್ಟುಬಿಡಲಿ.

ಅಲ್ಲಿಯವರೆಗೆ ಕಾಯುವುದು ಹೇಗೆ? ನಮ್ಮ ವಂಶದಲ್ಲಿ ಬಿಟ್ಟರೆ ಇನ್ನೆಲ್ಲೂ ಹುಟ್ಟಲಾರದಂಥ ಉಪಾಯ ಮಾಡಿದ. ಆ ಪದಗಳನ್ನು ಹನ್ನೆರಡು ಮನೆಯವರಿಗೆ ಹಂಚುವುದು, ಒಬ್ಬೊಬ್ಬರಿಗೆ ಒಂದೊಂದೇ. ಯಾರೂ ಬರೆದಿಡಬಾರದು, ಇನ್ನೊಬ್ಬರಿಗೆ ಹೇಳಬಾರದು. ಸಾಲು ಮರೆಯಬಾರದೆಂದು ವಯಸ್ಸಿನ ಕ್ರಮ: ಹಿರಿಯರಿಂದ ಕಿರಿಯರಿಗೆ. ಹಂಚಿ ಮುಗಿಸಿ, ಫೋನಿನಲ್ಲಿದ್ದದ್ದನ್ನು ಅಳಿಸಿ, ಚೀಟಿಯನ್ನು ಒಲೆಗೆ ಹಾಕಿದ. ತಾನು ಉಳಿಸಿಕೊಂಡದ್ದು ತನ್ನ ಪಾಲಿನ ಪದವೊಂದೇ. ಜೀಪಿನ ಕೀಲಿ ಎಲ್ಲಿಟ್ಟೆನೆಂದು ದಿನಾ ಹುಡುಕುವವನಿಗೆ ಮಿಕ್ಕ ಹನ್ನೊಂದು ನೆನಪಿರುತ್ತದೆಂದು ಯಾರೂ ಹೆದರಬೇಕಾಗಿರಲಿಲ್ಲ!

ಸೊಸೆ ಹಣೆ ಹಿಡಿದುಕೊಂಡಳು. "ಮಾವ, ಒಬ್ರು ಮರೆತ್ರೂ ಎಲ್ಲಾ ಹೋಯ್ತು."

"ಮರೀಬಾರ್ದು ಕಣವ್ವ, ಅಷ್ಟೇ. ಈ ದುಡ್ಡಿಗೆ ಹೇಳೋರು ಕೇಳೋರು ಯಾರೂ ಇಲ್ಲ ಅಂತೀಯಲ್ಲ. ನಾವು ಹನ್ನೆರಡು ಜನ ಇರಾನ ಬುಡು."

ವಯಸ್ಸಿನ ಕ್ರಮವೆಂದರೆ ಸುಲಭವೆಂದುಕೊಂಡಿರಾ? ದೊಡ್ಡಪ್ಪನ ಮಗನಿಗೂ ಚಿಕ್ಕಪ್ಪನ ಮಗನಿಗೂ ಶಾಲೆಯ ಮಾಸ್ತರು ಒಂದೇ ಹುಟ್ಟಿದ ದಿನ ಬರೆದಿದ್ದರು. ಒಬ್ಬನು ತಾನು ಹೂಮಳೆ ಬಿದ್ದು ಕಾಫಿ ಅರಳಿದಾಗ ಹುಟ್ಟಿದವನೆಂದ. ಇನ್ನೊಬ್ಬನು ತಾನು ಕಾಫಿ ಹಣ್ಣಿನ ಕೊಯ್ಲಿನಲ್ಲಿ ಹುಟ್ಟಿದವನೆಂದ. ಹೂವು ಮೊದಲೋ ಹಣ್ಣು ಮೊದಲೋ ಎಂದು ಒಂದು ಮಧ್ಯಾಹ್ನವೆಲ್ಲ ಕೂಗಾಡಿದರು. ಕೊನೆಗೆ ಇಬ್ಬರ ತಲೆಗೂದಲಿನ ನೆರೆ ನೋಡಿ ತಮ್ಮನೇ ತೀರ್ಮಾನ ಕೊಟ್ಟ. ಕಿರಿಯನೆನಿಸಿಕೊಂಡವನು ಒಳಗೊಳಗೇ ಖುಷಿಪಟ್ಟ.

ನನ್ನ ಪದ ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ! ಅದರ ಅರ್ಥ ನನಗೂ ಗೊತ್ತಿಲ್ಲ. ಕೇಳಿದರೆ ಪದ ಹೊರಬೀಳುತ್ತದಲ್ಲ? ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆಗಾಗ ತಮ್ಮ ಬಂದು ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ, ಹೇಳು ನೋಡೋಣ ಎನ್ನುತ್ತಾನೆ. ನಾನು ಬಾಯಿ ತೆರೆಯುವ ಮೊದಲು ತನ್ನ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ತುಟಿ ಆಡಿದ್ದು ಕಂಡರೆ ಸಾಕು, ಸಮಾಧಾನ!

ಇಷ್ಟೆಲ್ಲ ಆದರೂ ನನ್ನ ಮನಸ್ಸು ಆನೇಮಹಲಿನಲ್ಲೇ ಇತ್ತು. ದೊಡ್ಡಕ್ಕನಿಗೂ ಪದ ಹೋಗಿದೆಯೇ? ಕೇಳಿದರೆ ತಮ್ಮ ತನ್ನ ಜೀಪಿನ ಗಾಜು ಒರೆಸುತ್ತ ನಿಲ್ಲುತ್ತಿದ್ದ. ನಾಮಕರಣದ ದಿನ ಅವರವರ ಪಾಲಿನ ಪದವನ್ನು ಅವರೇ ಬಂದು ಕೂಸಿನ ಕಿವಿಯಲ್ಲಿ ಹೇಳಬೇಕೆಂದು ಮಾತ್ರ ಎಲ್ಲರಿಗೂ ಕಟ್ಟುನಿಟ್ಟು ಮಾಡಿದ್ದ.

ಆ ದಿನ ಮನೆ ತುಂಬಿತು. ಹೆಸರಿಡುವ ಹೊತ್ತು ಹತ್ತಿರ ಬಂತು. ನನ್ನ ಕಣ್ಣು ಬಾಗಿಲಿನಲ್ಲೇ. ಅವಳು ಬರುವವರೆಗೆ ತೊಟ್ಟಿಲು ತೂಗಲು ಬಿಡುವುದಿಲ್ಲವೆಂದು ನಾನು ಹಗ್ಗ ಹಿಡಿದು ನಿಂತೆ. ಆಗ ಜೀಪಿನ ಸದ್ದು. ತಮ್ಮ ಇಳಿದು, ಸುತ್ತಿ ಬಂದು, ಆಚೆ ಬಾಗಿಲು ತೆರೆದ. ಇಳಿದವಳು ದೊಡ್ಡಕ್ಕ! ಹೊಸ ಸೀರೆ, ಹಣೆಯಲ್ಲಿ ಅವನು ಕೊಟ್ಟ ಕುಂಕುಮ, ಕೈಯಲ್ಲಿ ಅವನು ಕೊಟ್ಟ ಎಲೆ ಅಡಿಕೆ.

ಹೆಸರಿಟ್ಟಾಯಿತು. ಆಮೇಲೆ ಅವಳೇ ಮೊದಲು ತೊಟ್ಟಿಲ ಹತ್ತಿರ ಹೋದಳು. ಹಿರಿಯಳಲ್ಲವೇ? ಪದ ಹೊರಗೆ ಕೇಳಿಸಬಾರದು, ಎಲ್ಲರೂ ಜೋರಾಗಿ ಮಾತಾಡುತ್ತಿರಿ ಎಂದು ತಮ್ಮ ಅಪ್ಪಣೆ ಕೊಟ್ಟಿದ್ದ. ನಮ್ಮವರಿಗೆ ಅದನ್ನೂ ಹೇಳಿಕೊಡಬೇಕೇ? ಆ ಗದ್ದಲದಲ್ಲೇ ಅವಳು ಬಾಗಿದಳು. ಅವಳ ತುಟಿ ಕೂಸಿನ ಕಿವಿಗೆ ತಾಗಿತು. ಕೂಸು ಕಣ್ಣರಳಿಸಿ ನೋಡಿತು.

ಎದ್ದು ನಿಂತವಳು ತಮ್ಮನ ಕಡೆ ತಿರುಗಿದಳು.

"ಫೋನಲ್ಲಿ ಕಳಿಸಿದ್ರೆ ನಾನು ಬತ್ತಿರ್ಲಿಲ್ಲ ಕಣೋ."

"ಗೊತ್ತು ದೊಡ್ಡಕ್ಕ. ಅದ್ಕೇ ಫೋನಲ್ಲಿ ಕಳ್ಸೋಕಾಗ್ದಂಗೆ ಮಾಡಿದ್ದು."

ಕೂತಲ್ಲಿಂದಲೇ ಲೋಕದ ಯಾವ ಮೂಲೆಗಾದರೂ ಕಳಿಸಬಹುದಾದ ದುಡ್ಡಂತೆ ಅದು! ಅದನ್ನು ನನ್ನ ತಮ್ಮ, ಹನ್ನೆರಡು ಜನ ನಡೆದು ಬಂದು ಒಂದು ತೊಟ್ಟಿಲಿಗೆ ಬಾಗದ ಹೊರತು ಅಲುಗಾಡದ ಹಾಗೆ ಕಟ್ಟಿಹಾಕಿದ್ದ. ಮದುವೆಯ ಕರೆಯೋಲೆಯನ್ನು ಅವನು ಇಷ್ಟು ವರ್ಷ ಎದೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದನೆಂದು ನನಗೆ ಆಗ ತಿಳಿಯಿತು. ದೊಡ್ಡಕ್ಕ ಅವನ ಅಂಗಿಗೆ ಅಂಟಿದ್ದ ಜೀಪಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು.

ಒಬ್ಬೊಬ್ಬರಾಗಿ ಹೋಗಿ ಬಾಗಿದೆವು. ಈಗ ಈ ಭೂಮಿಯ ಮೇಲೆ ಹನ್ನೆರಡೂ ಪದ ಕೇಳಿದವಳು ನನ್ನ ಮೊಮ್ಮಗಳೊಬ್ಬಳೇ, ಅವಳಿಗೆ ಮಾತು ಬಾರದು! ಆ ದುಡ್ಡು ಅವಳಿಗೆ ಬೇಕಾಗುತ್ತದೋ ಬೇಡವಾಗುತ್ತದೋ, ಅದು ಅವಳಿಗೆ ಬಿಟ್ಟದ್ದು. ನನ್ನದು ಇಷ್ಟೇ: ಹದಿನೆಂಟು ವರ್ಷ ನಾನು ಬದುಕಿರಲೇಬೇಕು, ದೊಡ್ಡಕ್ಕನನ್ನೂ ಬದುಕಿಸಿಕೊಳ್ಳಬೇಕು. ನಾಳೆಯಿಂದ ನನಗೂ ಅವಳಿಗೂ ಕಾಫಿಗೆ ಸಕ್ಕರೆ ಬಂದ್.