ಮೊದಲೇ ರೇಟ್ ಹೇಳಿ ಕೆಟ್ಟೆ

ಚನ್ನರಾಯಪಟ್ಟಣದಲ್ಲಿ ನಂದೊಂದು ಫಿಸಿಯೋಥೆರಪಿ ಕ್ಲಿನಿಕ್ಕಿದೆ. ‘ಚಿಕಿತ್ಸೆಗೆ ಎಷ್ಟಾಗುತ್ತದೆಂದು ಮೊದಲೇ ಕೇಳುವುದು ನಿಮ್ಮ ಹಕ್ಕು’ ಎಂದು ಬೋರ್ಡು ಹಾಕಿದೆ ನೋಡಿ, ಅಂದಿನಿಂದ ನನ್ನ ತಲೆಗೂ ಬಿಡುವಿಲ್ಲ, ನಗುವಿಗೂ ಬಿಡುವಿಲ್ಲ.

ಜೋಡಿ ಮಂಡಿ

ದಂಡಿಗನಹಳ್ಳಿಯಿಂದ ಮಂಡಿನೋವಿನ ಅಜ್ಜಿ ಬಂದರು. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

“ಒಂದು ಮಂಡಿಗೆ ಎಷ್ಟಪ್ಪಾ?”

“ದಿನಕ್ಕೆ ಇನ್ನೂರು, ಅಜ್ಜಿ.”

“ಎಲ್ಡಕ್ಕೆ?”

“ಎರಡಕ್ಕೂ ಅಷ್ಟೇ.”

ಅಜ್ಜಿ ಬಾಗಿಲ ಕಡೆ ತಿರುಗಿ ಕೂಗಿದರು: “ಒಳೀಕ್ ಬನ್ನಿ ಇಲ್ಲಿ! ನಂದೊಂದೇ ಮಂಡಿ ನೋಯ್ತಿರಾದು, ನಿಮ್ದೊಂದು ಸೇರುಸ್ಬುಡವಾ!”

ಕೊಟೇಶನ್ ಫೈಲು

ಇನ್ನೊಬ್ಬರು ನಿವೃತ್ತ ಗುಮಾಸ್ತರು, ಸೊಂಟನೋವು. ಅಂದಾಜು ಖರ್ಚು ಬರೆದುಕೊಟ್ಟೆ. ಸೀಲು ಬೇಕೆಂದರು, ಅದನ್ನೂ ಒತ್ತಿದೆ. ಹದಿನೈದು ದಿನ ಪತ್ತೆಯಿಲ್ಲ. ಆಮೇಲೊಂದು ದಿನ ಫೈಲು ಹಿಡಿದು ನೆಟ್ಟಗೆ ನಡೆದುಬಂದರು.

“ಹಾಸನ, ಹೊಳೆನರಸೀಪುರ, ಅರಕಲಗೂಡು, ಮೂರೂ ಕಡೆ ಕೊಟೇಶನ್ ತಗೊಂಡೆ. ನಿಮ್ದೇ ಕಮ್ಮಿ.”

“ಹಂಗಾದ್ರೆ ಇವತ್ತೇ ಶುರು ಮಾಡೋಣ್ವಾ ಸಾರ್?”

“ಏನನ್ನ? ಓಡಾಡಿ ಓಡಾಡಿ ನೋವೇ ಹೋಯ್ತು. ಫೈಲ್ ಕ್ಲೋಸ್ ಮಾಡ್ಬೇಕು, ಒಂದು ಸೈನ್ ಹಾಕಿ.”

ಟವೆಲ್ ಅಡಿಯಲ್ಲಿ

ದನದ ದಲ್ಲಾಳಿಯೊಬ್ಬರಿಗೆ ಲಕ್ವ ಹೊಡೆದು ಬಲಗೈ ಬೆರಳು ಮಡಚುತ್ತಿರಲಿಲ್ಲ. ದನದ ವ್ಯಾಪಾರದಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಅಡಿಯಲ್ಲಿ ಕೈಯಿಟ್ಟು, ಎದುರಿನವರ ಬೆರಳು ಹಿಡಿದೇ ತಿಳಿಸಬೇಕು; ಎಷ್ಟು ಬೆರಳೋ ಅಷ್ಟು ರೇಟು, ಮೂರನೆಯವರಿಗೆ ಗೊತ್ತಾಗಬಾರದು. “ಈ ಕೈ ಬರ್ದಿದ್ರೆ ನಮ್ ಬಾಳೆಂಗೆ ಸಾ?” ಎಂದು ಹೆಂಡತಿ ದಿನಾ ಕಣ್ಣೊರೆಸಿಕೊಳ್ಳುತ್ತಿದ್ದರು.

ತಿಂಗಳಿಡೀ ರಬ್ಬರ್ ಚೆಂಡು ಕೊಟ್ಟು ಹಿಂಡಿ ಹಿಂಡಿ ಎಂದೆ. ಒಂದು ಬೆರಳೂ ಅಲ್ಲಾಡಲಿಲ್ಲ. ನನ್ನ ಧೈರ್ಯವೂ ಕುಸಿದಿತ್ತು.

“ಇನ್ನೊಂದು ತಿಂಗಳು ಬೇಕಾಗುತ್ತೆ. ಖರ್ಚೆಷ್ಟು ಅಂತ ಮೊದಲೇ ಹೇಳ್ಬಿಡ್ತೀನಿ...” ಎಂದು ಬಾಯಿ ತೆರೆದೆ.

“ಅಯ್ಯೋ, ರೇಟ್ನ ಬಾಯಲ್ಲಿ ಯೋಳ್ಬಾರ್ದು ಕಣ್ ಸಾ!” ಎಂದವರೇ ಎಡಗೈಯಲ್ಲಿ ಹೆಗಲ ಟವೆಲ್ ಎಳೆದು ನನ್ನ ಕೈಮೇಲೆ ಹಾಕಿದರು. ಅಭ್ಯಾಸಬಲದಿಂದ ಬಲಗೈ ಒಳಗೆ ತೂರಿತು. ತೂರಿ, ನನ್ನ ಎರಡು ಬೆರಳನ್ನು ಮೆಲ್ಲಗೆ ಹಿಡಿಯಿತು.

“ಹಿಡಿದ್ರು! ಎರಡು ಬೆರಳು ಹಿಡಿದ್ರು ಕಣಮ್ಮಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ನನಗೂ ಕಣ್ಣು ತುಂಬಿತು. ಹೆಂಡತಿ ಅಲ್ಲೇ ಕುಸಿದು ಕೂತು ಅತ್ತರು.

ದಲ್ಲಾಳಿ ಮಾತ್ರ ಕೆಂಡಾಮಂಡಲ: “ಎಷ್ಟ್ ಬೆಳ್ಳು ಅಂತ ಊರ್ಗೆಲ್ಲಾ ಸಾರ್ಬುಟ್ರಲ್ಲ ಸಾ, ಇನ್ ಯಾಪಾರ ಮಾಡಾದೆಂಗೆ?”